ಹೊಳೆಯದ ಬೋಲ್ಟು ಹುಡುಕಿಕೊಂಡು ಬಂಡಾರವೆಲಕ್ಕೆ

ಬೆಟಗೇರಿ

ನಮ್ಮ ಲಗ್ನವಾಗಿ ಇಪ್ಪತ್ತೈದು ವರ್ಷ ತುಂಬಿದಾಗ ನನ್ನ ಗಂಡ ನನ್ನನ್ನು ಶ್ರೀಲಂಕಾಕ್ಕೆ ಕರೆದುಕೊಂಡು ಹೋದರು. ನಾನು ವಿಜ್ಞಾನ ಕಲಿಸುವ ಮುಂಡರಗಿಯ ಹೈಸ್ಕೂಲಿನ ಸ್ಟಾಫ್‌ರೂಮಿನಲ್ಲಿ ಈ ಸುದ್ದಿ ಹೇಳಿದಾಗ ಉಳಿದ ಟೀಚರುಗಳು ತಮ್ಮ ತಮ್ಮ ಗಂಡಂದಿರನ್ನು ನೆನೆದು ನಿಟ್ಟುಸಿರು ಬಿಟ್ಟರು. ನಾನೂ ಸ್ವಲ್ಪ ಬೀಗಿದೆ. ಬೀಗುವ ಮೊದಲು ಗಂಡನ ಬ್ಯಾಗು ತೆಗೆದು ನೋಡಬೇಕಿತ್ತು.

ನನ್ನ ಗಂಡನ ಹೆಸರು ವೀರಣ್ಣ. ಗದಗಿನಲ್ಲಿ ಅವರದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಕಣ್ಣು ಮುಚ್ಚಿಕೊಂಡು ಬೋಲ್ಟು ಮುಟ್ಟಿ ಅದರ ಅಳತೆ ಹೇಳಬಲ್ಲರು. ನನ್ನ ಹುಟ್ಟಿದ ದಿನ ಯಾವುದೆಂದು ಮಾತ್ರ ಪ್ರತಿ ವರ್ಷ ನನ್ನನ್ನೇ ಕೇಳುತ್ತಾರೆ.

ನನ್ನ ಅಪ್ಪ ಲಕ್ಷ್ಮೇಶ್ವರದಲ್ಲಿ ಡಾಕ್ಟರಾಗಿದ್ದರು. ಅವರ ಬಳಿ ಐವತ್ತರ ದಶಕದಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ಕರಿಯ ಪುಟ್ಟ ಕಾರು ಇತ್ತು. ಶಿಗ್ಲಿ, ಮಾಗಡಿ, ಶಿರಹಟ್ಟಿ, ಎಲ್ಲಿ ರೋಗಿ ಇದ್ದರೂ ಅದು ಹೋಗುತ್ತಿತ್ತು. ಹೋಗದೆ ಹಟ ಹಿಡಿದರೆ ರೋಗಿಯ ಮನೆಯವರೇ ಬಂದು ತಳ್ಳುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ಅದು ಬಹಳ ಕಾಲ ಗೋಣಿಚೀಲಗಳ ಕೆಳಗೆ ಮಲಗಿತ್ತು. ಅಣ್ಣ ಅದನ್ನು ನಮಗೆ ಕೊಟ್ಟಾಗ ನನ್ನ ಗಂಡ ವರದಕ್ಷಿಣೆ ತಡವಾಗಿ ಬಂತೆಂಬಷ್ಟು ಖುಷಿಪಟ್ಟರು. ಎರಡು ವರ್ಷ ಅದರ ಒಂದೊಂದು ಅಂಗವನ್ನೂ ಬಿಚ್ಚಿ, ತೊಳೆದು, ಮತ್ತೆ ಜೋಡಿಸಿದರು. ಮುಗಿದ ದಿನ ನನ್ನನ್ನು ಕರೆದು ಬಾನೆಟ್ ಎತ್ತಿದರು.

ಒಳಗಿದ್ದ ಪ್ರತಿಯೊಂದು ನಟ್ಟು ಬೋಲ್ಟು ಮದುವೆ ಮನೆಯ ಪಾತ್ರೆಯಂತೆ ಝಗಝಗ ಹೊಳೆಯುತ್ತಿತ್ತು. ಹುಬ್ಬಳ್ಳಿಗೆ ಒಯ್ದು ಎಲ್ಲಕ್ಕೂ ಕ್ರೋಮ್ ಏರಿಸಿಕೊಂಡು ಬಂದಿದ್ದರು.

"ಹೆಂಗೈತಿ?" ಎಂದರು.

"ಚೊಲೊ ಆಗೇತ್ರಿ," ಎಂದೆ. ಅಲ್ಲಿಗೆ ಸುಮ್ಮನಾಗಬೇಕಿತ್ತು. "ಆದ್ರ ಯಾಕೋ ಅಪ್ಪಾರ ಗಾಡಿ ಅನ್ಸವಲ್ದು."

ಅವರು ಬಾನೆಟ್ ಮೆಲ್ಲಗೆ ಮುಚ್ಚಿದರು. ಮೂರು ದಿನ ಮನೆಯಲ್ಲಿ 'ಹೂಂ', 'ಊಹೂಂ' ಎರಡೇ ಮಾತು. ನಾಲ್ಕನೆಯ ದಿನದಿಂದ ಮೊಬೈಲಿನಲ್ಲಿ ಮುಳುಗಿದರು. ಹಳೆಯ ಕಾರಿನ ಹುಚ್ಚರ ಗುಂಪೊಂದು ಅಲ್ಲಿತ್ತು. ಕಾರು ಫ್ಯಾಕ್ಟರಿಯಿಂದ ಹೊರಬಿದ್ದಾಗ ಅದರ ಬೋಲ್ಟುಗಳ ಬಣ್ಣ ಕಪ್ಪೋ ಬೂದಿಯೋ ಎಂದು ದೇಶದೇಶಗಳ ಗಂಡಸರು ಅಲ್ಲಿ ಮೂರು ಹೊತ್ತೂ ಜಗಳಾಡುತ್ತಿದ್ದರು. ಹೊಳೆಯುತ್ತಿರಲಿಲ್ಲ ಎಂಬುದೊಂದರಲ್ಲಿ ಮಾತ್ರ ಎಲ್ಲರೂ ಒಂದೇ. ಇನ್ನೊಂದು ವಿಷಯವನ್ನೂ ಅವರು ಒಪ್ಪಿದ್ದರು: ಇದೇ ಮಾದರಿಯ, ಯಾವ ಗ್ಯಾರೇಜಿನವರೂ ಕೈ ಹಚ್ಚದ ಕಾರೊಂದು ಶ್ರೀಲಂಕಾದ ಬೆಟ್ಟದ ಮೇಲಿನ ಬಂಡಾರವೆಲ ಎಂಬ ಊರಿನಲ್ಲಿದೆ.

ಇದೊಂದೂ ನನಗೆ ಗೊತ್ತಿರಲಿಲ್ಲ. ನನಗೆ ಹೇಳಿದ್ದು ಇಷ್ಟೇ: "ಲಗ್ನಾಗಿ ಇಪ್ಪತ್ತೈದ್ ವರ್ಷ ಆತು. ಎಲ್ಲೂ ಹೋಗಿಲ್ಲ ನಾವು. ಬಾ, ಲಂಕಾ ನೋಡ್ಕೊಂಡ ಬರೂಣು."

ಬೆಂಗಳೂರು ವಿಮಾನ ನಿಲ್ದಾಣ

ತಪಾಸಣೆಯ ಯಂತ್ರದೊಳಗೆ ಹೋದ ನಮ್ಮ ಕೈಬ್ಯಾಗು ಹೊರಗೆ ಬರಲಿಲ್ಲ. ಸಮವಸ್ತ್ರದ ಅಧಿಕಾರಿಯೊಬ್ಬ ಪರದೆಯನ್ನು ನೋಡಿದ, ಇನ್ನೊಬ್ಬನನ್ನು ಕರೆದ, ಆತ ಮತ್ತೊಬ್ಬನನ್ನು ಕರೆದ. ನಾನು ಖಡಕ್ ರೊಟ್ಟಿಯ ಡಬ್ಬಿ ಕಾರಣವಿರಬೇಕೆಂದು ನಾಚಿಕೊಂಡು ನಿಂತೆ. ಬ್ಯಾಗು ತೆಗೆಸಿದಾಗ ಸಣ್ಣ ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ಹೆಸರು ಬರೆದ ಚೀಟಿಯ ಸಮೇತ ಮೂವತ್ತೇಳು ಬೋಲ್ಟುಗಳು ಬಂದವು.

"ಏನಿದು?" ಎಂದು ಅಧಿಕಾರಿ ಕೇಳಿದ.

"ಬೋಲ್ಟ್ ರೀ."

"ಅದು ಕಾಣ್ತಾ ಇದೆ. ಶ್ರೀಲಂಕಾಗೆ ಯಾಕೆ ತಗೊಂಡು ಹೋಗ್ತಿದ್ದೀರಾ?"

"ತೋರ್ಸಾಕ್ರಿ."

"ಯಾರಿಗೆ?"

"ಒಂದ್ ಕಾರಿಗೆ," ಎಂದರು ನನ್ನ ಗಂಡ, ಪ್ರಾಮಾಣಿಕವಾಗಿ.

ಅಧಿಕಾರಿ ನನ್ನ ಕಡೆ ನೋಡಿದ. ನಾನು ಆ ಹೊತ್ತಿಗೆ ನನ್ನ ಗಂಡನ ಕಡೆ ನೋಡುತ್ತಿದ್ದೆ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅಷ್ಟು ಜನರ ಮುಂದೆ ಅವರನ್ನು ಹಾಗೆ ನೋಡಿದ್ದು ಅದೇ ಮೊದಲು.

ಬೋಲ್ಟುಗಳನ್ನು ಕೈಯಲ್ಲಿ ಒಯ್ಯುವಂತಿಲ್ಲ, ಲಗೇಜಿಗೆ ಹಾಕಬೇಕು ಎಂದರು. ದೊಡ್ಡ ಸೂಟ್‌ಕೇಸು ಆಗಲೇ ಹೋಗಿಬಿಟ್ಟಿತ್ತು. ಕೊನೆಗೆ ಇವರು ನನ್ನ ರೊಟ್ಟಿಯ ಕೈಚೀಲ ಖಾಲಿ ಮಾಡಿ, ಅದರಲ್ಲಿ ಬೋಲ್ಟು ತುಂಬಿ, ಬಾಯಿ ಹೊಲಿದಂತೆ ಕಟ್ಟಿ, ಓಡಿ ಹೋಗಿ ಒಪ್ಪಿಸಿ ಬಂದರು. ಹೀಗಾಗಿ ನಾನು ಮೊದಲ ವಿದೇಶ ಪ್ರವಾಸಕ್ಕೆ ಹಳೆಯ ಅಲ್ಯುಮಿನಿಯಂ ರೊಟ್ಟಿಡಬ್ಬಿಯನ್ನು ಎದೆಗವಚಿಕೊಂಡು ವಿಮಾನ ಹತ್ತಿದೆ.

ಸೀಟಿನಲ್ಲಿ ಕುಳಿತ ಮೇಲೆ ಅವರು ಎಲ್ಲವನ್ನೂ ಹೇಳಿದರು: ಬಂಡಾರವೆಲದ ಕಾರಿನ ಪಕ್ಕ ಒಂದೊಂದನ್ನೂ ಹಿಡಿದು ಅಸಲಿ ಬಣ್ಣ ಗುರುತಿಸಲು ನಮ್ಮ ಕಾರಿನ ಬೋಲ್ಟುಗಳನ್ನೇ ಬಿಚ್ಚಿ ತಂದಿದ್ದರು.

"ಮೊದಲ ಹೇಳಿದ್ರ ನಾ ಬರ್ತಿರ್ಲಿಲ್ಲೇನ್ರಿ?" ಎಂದೆ.

"ಬರ್ತಿದ್ದಿ. ನಕ್ಕೋತ ಬರ್ತಿದ್ದಿ," ಎಂದರು.

ನಾನು ಆಗಲೇ ನಗುತ್ತಿದ್ದೆ.

ಕೊಲಂಬೊ

ಸಿಂಹಳದಲ್ಲಿ 'ಹರಿ' ಎಂದರೆ 'ಸರಿ'. ಇದು ನಮಗೆ ಯಾರೂ ಹೇಳಿರಲಿಲ್ಲ. ನಾವು ಇಳಿದುಕೊಂಡ ಲಾಡ್ಜಿನ ಮೇಜಿನ ಹಿಂದೆ ಕುಳಿತ ಹಿರಿಯರು ನಮ್ಮ ಪಾಸ್‌ಪೋರ್ಟುಗಳನ್ನು ಬಿಡಿಸಿ ನೋಡಿ, ತಲೆ ಆಡಿಸಿ, "ಹರಿ, ಹರಿ" ಎಂದರು. ನಾನು ದೈವಭಕ್ತರೆಂದುಕೊಂಡೆ. ನನ್ನ ಗಂಡ ಕೈ ಚಾಚಿ ಪಾಸ್‌ಪೋರ್ಟ್ ಕಸಿದುಕೊಂಡರು.

"ಹರಿ ಹರಿ ಅನ್ನಾಕತ್ತಾನಲ್ಲ," ಎಂದರು ನನಗೆ. "ಹರದ್ರ ಊರಿಗೆ ಹೆಂಗ ಹೋಗೂದು?"

ಹಿರಿಯರು ತಪ್ಪು ತಿಳಿಯಲಿಲ್ಲ. ಇಲ್ಲಿಯ ಜನ ಸುಲಭಕ್ಕೆ ತಪ್ಪು ತಿಳಿಯುವುದಿಲ್ಲ. ದಾರಿ ಕೇಳಿದರೆ ನಮ್ಮಲ್ಲಿಯಂತೆ ಕೈ ಬೀಸಿ ತೋರಿಸದೆ ಅರ್ಧ ದಾರಿ ಜೊತೆಗೇ ಬರುತ್ತಾರೆ. ಅವರಿಗೂ ದಾರಿ ಗೊತ್ತಿಲ್ಲವೆಂಬುದು ಅರ್ಧ ದಾರಿಯಲ್ಲಿ ತಿಳಿಯುತ್ತದೆ.

ಅಪ್ಪನ ಕಾರಿನಂಥ ಕಾರುಗಳು ಕೊಲಂಬೊದ ಬೀದಿಯಲ್ಲಿ ಇನ್ನೂ ಓಡುತ್ತಿದ್ದವು. ಪ್ರದರ್ಶನಕ್ಕಲ್ಲ, ತರಕಾರಿ ತರಲು. ಗದಗಿನಲ್ಲಿ ನಮ್ಮ ಕಾರು ಹೊರಬಿದ್ದರೆ ಜನ ನಿಂತು ಫೋಟೊ ತೆಗೆಯುತ್ತಾರೆ. ಇಲ್ಲಿ ಅಂಥದೊಂದರ ಹಿಂದಿನ ಸೀಟಿನಲ್ಲಿ ಬಾಳೆಗೊನೆ ಕುಳಿತಿತ್ತು. ನನ್ನ ಗಂಡ ಸಿಗ್ನಲ್ಲಿನಲ್ಲಿ ನಿಂತ ಒಂದು ಕಾರಿನ ಮುಂದೆ ಮಂಡಿಯೂರಿ ಬಂಪರಿನ ಕೆಳಗೆ ಇಣುಕಿದರು. ಒಳಗಿದ್ದ ಹೆಂಗಸು ಏನೋ ಪೆಟ್ಟಾಗಿದೆಯೆಂದು ಗಾಬರಿಯಿಂದ ಇಳಿದು ಬಂದಳು. ಅವರು ಬೋಲ್ಟಿನ ಕಡೆ ಬೆರಳು ತೋರಿಸಿದರು. ಅವಳು ನನ್ನ ಕಡೆ ನೋಡಿದಳು. ಈ ಪ್ರವಾಸದಲ್ಲಿ ಅಪರಿಚಿತರು ನನ್ನನ್ನು ಅನುಕಂಪದಿಂದ ನೋಡುವುದು ನನಗೆ ಅಭ್ಯಾಸವಾಗತೊಡಗಿತ್ತು.

ಗಾಲೆ

ಗಾಲೆಯಲ್ಲಿ ಡಚ್ಚರು ಕಟ್ಟಿದ ಕೋಟೆ ಇದೆ, ಅದರ ಮೂರು ಕಡೆಗೂ ಸಮುದ್ರ ಇದೆ. ನಾನು ನೋಡಿದ್ದು ನಿಹಾಲ್ ಎಂಬವರ ಗ್ಯಾರೇಜು. ಅದರ ಹಿಂಗೋಡೆ ಒಂದು ಕಡೆ ಬಿದ್ದಿತ್ತಾದ್ದರಿಂದ ಸಂದಿಯಲ್ಲಿ ಒಂದು ಅಂಗುಲ ಸಮುದ್ರವೂ ಕಂಡಿತು.

ನಿಹಾಲ್ ಮತ್ತು ಅವರ ಭಾವ ಇಬ್ಬರೂ ಹಳೆಯ ಕಾರು ರಿಪೇರಿಯವರು. ಬೋಲ್ಟುಗಳ ಅಸಲಿ ಬಣ್ಣ ಕಪ್ಪು ಎಂದು ನಿಹಾಲ್ ಇಂಗ್ಲಿಷಿನಲ್ಲಿ ಹೇಳಿದರು. ಬೂದಿ ಎಂದರು ಭಾವ. ಸಾಕ್ಷಿಗೆ ಇಬ್ಬರೂ ಒಂದು ಹಳೆಯ ಪುಸ್ತಕ ತಂದು ಒಂದೇ ಪುಟ ತೆರೆದು, ಒಂದೇ ಚಿತ್ರದ ಮೇಲೆ ಬೆರಳಿಟ್ಟರು. ಚಿತ್ರ ಕಪ್ಪು-ಬಿಳುಪಿನದು.

ಅವರ ಸ್ವಂತ ಕಾರಿನಲ್ಲಿ ಯಾವ ಬಣ್ಣ ಇದೆಯೆಂದು ನಾನು ಕೇಳಿದೆ. ಇಬ್ಬರೂ ಪುಸ್ತಕ ಮುಚ್ಚಿದರು. ಉಪ್ಪುಗಾಳಿಗೆ ಎಲ್ಲವೂ ತುಕ್ಕು ಹಿಡಿಯುತ್ತದೆಂದು ಬಹಳ ಹಿಂದೆಯೇ ಸ್ಟೀಲಿನ ಹೊಸ ಬೋಲ್ಟು ಹಾಕಿಬಿಟ್ಟಿದ್ದರಂತೆ. ಜಗಳ ಮಾತ್ರ ಅಸಲಿಯಾಗಿ ಉಳಿದಿತ್ತು.

"ಮೇಡಂ, ಬಂಡಾರವೆಲಕ್ಕೆ ಹೋಗಿ," ಎಂದರು ಭಾವ. "ಬೆಟ್ಟದ ಗಾಳಿ. ಅಲ್ಲಿ ತುಕ್ಕಿಲ್ಲ. ಅಲ್ಲಿ ಸೋಮಾ ಅಮ್ಮನ ಕಾರಿದೆ."

ಬಂಡಾರವೆಲ

ಬೆಟ್ಟ ಹತ್ತುವ ರೈಲು ಬಹಳ ಪ್ರಸಿದ್ಧ. ಜಗತ್ತಿನ ಯುವಕ ಯುವತಿಯರೆಲ್ಲ ಅದರ ಬಾಗಿಲಿಗೆ ಜೋತುಬಿದ್ದು ಫೋಟೊ ತೆಗೆಸಿಕೊಳ್ಳುತ್ತಾರೆ. ಸೀಟುಗಳು ಆರಾಮಾಗಿ ಖಾಲಿ ಸಿಗುತ್ತವೆ. ಕಿಟಕಿಯಾಚೆ ಚಹಾತೋಟ, ಮಂಜು, ಝರಿ. ನನ್ನ ಪಕ್ಕದಲ್ಲಿ ನನ್ನ ಗಂಡ ಮೂವತ್ತೇಳು ಚೀಟಿಗಳನ್ನು ತೊಡೆಯ ಮೇಲೆ ಹರಡಿಕೊಂಡು ಪರೀಕ್ಷೆಗೆ ಹೊರಟ ಹುಡುಗರಂತೆ ಬಾಯಿಪಾಠ ಮಾಡುತ್ತಿದ್ದರು.

ಸೋಮಾ ಅಮ್ಮನಿಗೆ ಎಂಬತ್ತರ ಹತ್ತಿರ. ಬಿಳಿ ಸೀರೆ, ನೆಟ್ಟಗಿನ ಬೆನ್ನು, ಶುದ್ಧ ಇಂಗ್ಲಿಷು. ಗಂಡ ಉಪಾಲಿ ಚಹಾ ಫ್ಯಾಕ್ಟರಿಯಲ್ಲಿ ಎಂಜಿನಿಯರಾಗಿದ್ದವರು, ತೀರಿಕೊಂಡು ಹನ್ನೊಂದು ವರ್ಷ. ಆಕೆ ನಮಗೆ ಸಕ್ಕರೆಯಿಲ್ಲದ ಕರಿ ಚಹಾ ಕೊಟ್ಟು, ಅಂಗೈಯಲ್ಲಿ ಒಂದು ಚೂರು ಬೆಲ್ಲ ಇಟ್ಟರು. ಬೆಲ್ಲ ಕಚ್ಚುತ್ತ ಚಹಾ ಕುಡಿಯುವುದು ಅಲ್ಲಿಯ ಪದ್ಧತಿ. ಇದು ತಿಳಿಯದ ನನ್ನ ಗಂಡ ಬೆಲ್ಲವನ್ನು ಚಹಾದಲ್ಲಿ ಹಾಕಿ ಚಮಚೆ ಕೇಳಿದರು. ಆಕೆ ಚಮಚೆಯ ಜೊತೆ ಇನ್ನೊಂದು ಚೂರು ಬೆಲ್ಲ ತಂದಿಟ್ಟರು.

ಗ್ಯಾರೇಜಿಗೆ ಹೋಗುವ ಮುಂಚೆ ಚಪ್ಪಲಿ ಬಿಡಿಸಿದರು. ಕಾರಿನ ಮೇಲೆ ಒಗೆದು ಇಸ್ತ್ರಿ ಮಾಡಿದ ಬಿಳಿ ಚಾದರ ಹೊದಿಸಿತ್ತು. ಅದನ್ನು ಆಕೆ ಮಡಚುತ್ತ ಮಡಚುತ್ತ ತೆಗೆದಾಗ ಒಳಗಿದ್ದದ್ದು ಅಪ್ಪನ ಕಾರೇ. ಅದೇ ಕಪ್ಪು, ಅದೇ ಗುಂಡು ದೀಪ. ನನಗೆ ಯಾಕೋ ಹಣೆ ಮುಟ್ಟಿಕೊಳ್ಳಬೇಕೆನಿಸಿತು.

ನನ್ನ ಗಂಡ ಬಾನೆಟ್ ಎತ್ತಿ ಒಳಗೆ ಬಗ್ಗಿದರು.

ಗಾಲೆಯ ಇಬ್ಬರೂ ಅರ್ಧ ಸರಿ ಇದ್ದರು. ಚಕ್ರದ ಕಡೆಯ ಭಾರದ ಬೋಲ್ಟುಗಳು ಎಣ್ಣೆ ಕುಡಿದ ಕಪ್ಪು. ಎಂಜಿನ್ನಿನ ಮೇಲಿನ ಸಣ್ಣವು ಮಂಕು ಬೂದಿ; ಅದು ಕ್ಯಾಡ್ಮಿಯಂ ಎಂಬ ಲೋಹದ ಲೇಪ. ಹೊಗೆಕೊಳವೆಯ ನಟ್ಟುಗಳು ಹಿತ್ತಾಳೆ. ಬಾನೆಟ್ಟಿನ ಕೀಲಿನ ಬೋಲ್ಟುಗಳಂತೂ ಕಾರಿನದೇ ಬಣ್ಣದಲ್ಲಿದ್ದವು, ಯಾಕೆಂದರೆ ಫ್ಯಾಕ್ಟರಿಯಲ್ಲಿ ಅವುಗಳನ್ನು ಬಿಗಿದ ಮೇಲೆಯೇ ಬಣ್ಣ ಹೊಡೆದಿದ್ದರು.

"ಇದನ್ನ ನಾ ಬಿಚ್ಚಿ ಕ್ರೋಮ್ ಮಾಡ್ಸೇನಿ," ಎಂದರು ನನ್ನ ಗಂಡ ಸಣ್ಣ ದನಿಯಲ್ಲಿ. ತಪ್ಪೊಪ್ಪಿಗೆಗೆ ಬಂದವರಂತಿತ್ತು.

ಫೋಟೊದಲ್ಲಿ ಆ ಬೂದಿ ಬಣ್ಣ ಒಂದು ಸಲ ನೀಲಿ, ಒಂದು ಸಲ ಹಳದಿಯಾಗಿ ಬರುತ್ತಿತ್ತು. ಹೋಲಿಸಲು ಏನಾದರೂ ಬೇಕು ಎಂದು ಅವರು ಚಡಪಡಿಸಿದರು. ನಾಣ್ಯ ಹಿಡಿದರು, ಬೀಗದ ಕೈ ಹಿಡಿದರು. ಕೊನೆಗೆ ನನ್ನ ರೊಟ್ಟಿಡಬ್ಬಿಯ ಮುಚ್ಚಳ ಹಿಡಿದಾಗ ಬೋಲ್ಟು ಅದರೊಳಗೆ ಕರಗಿಹೋದಂತೆ ಕಂಡಿತು. ಇಪ್ಪತ್ತು ವರ್ಷ ನಾನು ತಿಕ್ಕಿ ತಿಕ್ಕಿ ಮಂಕಾಗಿಸಿದ ಮುಚ್ಚಳ ಅದು. ನನ್ನ ಗಂಡ ಅದನ್ನು ನೋಡಿದ ರೀತಿಯಲ್ಲಿ ನನ್ನನ್ನು ನೋಡಿದ್ದು ನೆನಪಿಲ್ಲ.

ಮತ್ತೊಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಕೆಲವು ಬೋಲ್ಟುಗಳ ತಲೆಯ ಮೇಲೆ ಜೋಳದ ಕಾಳಿನಷ್ಟು ಕೆಂಪು ಬಣ್ಣದ ಚುಕ್ಕೆ ಇತ್ತು.

"ಫ್ಯಾಕ್ಟರಿ ಗುರ್ತು," ಎಂದರು. "ಬಿಗಿದ ಮ್ಯಾಲ ತಪಾಸಣಿ ಮಾಡಾವ್ರು ಹಚ್ಚತಿದ್ರು. ಇದನ್ನ ಯಾರೂ ನೋಡಿಲ್ಲ. ಗುಂಪಿನ್ಯಾಗ ಒಬ್ಬಗೂ ಗೊತ್ತಿಲ್ಲ."

ಚುಕ್ಕೆ ಸ್ಪಷ್ಟವಾಗಿ ಕಾಣಲೆಂದು ಕೆಳಗೊಂದು ಅರಿವೆ ಹಿಡಿದು, ಬ್ರಷ್ಷಿನಿಂದ ಒಂದು ಬೋಲ್ಟಿನ ಮೇಲಿನ ಕಿಟ್ಟವನ್ನು ಮೆಲ್ಲಗೆ ಉಜ್ಜಿದರು. ಕಿಟ್ಟದ ಜೊತೆಗೆ ಚುಕ್ಕೆಯೂ ಸಿಪ್ಪೆಯಾಗಿ ಎದ್ದು ಅರಿವೆಯ ಮೇಲೆ ಬಿತ್ತು.

ಸೋಮಾ ಅಮ್ಮ ಒಳಗಿದ್ದರು. ಗ್ಯಾರೇಜಿನಲ್ಲಿ ನಾವಿಬ್ಬರೇ.

"ಬಿತ್ತು," ಎಂದರು.

"ಕಾಣ್ತು," ಎಂದೆ.

"ಇಷ್ಟರಾಗ ಒಂದು. ಅಕಿಗೆ ಗೊತ್ತಾಗಾಂಗಿಲ್ಲ."

ಅವರು ಅರಿವೆಯನ್ನು ನೋಡಿದರು, ಬೋಲ್ಟನ್ನು ನೋಡಿದರು. ಯಾರೂ ಕೈ ಹಚ್ಚದ ಕಾರನ್ನು ನೋಡಲು ಸಮುದ್ರ ದಾಟಿ ಬಂದು ಕೈ ಹಚ್ಚಿದವರು ತಾವೇ ಎಂಬುದು ಅವರಿಗೂ ಹೊಳೆದಿರಬೇಕು. "ಹೇಳ್ಬೇಕಾಗ್ತೈತಿ," ಎಂದು ತಾವೇ ಎದ್ದು ಒಳಗೆ ಹೋದರು. ಅವರ ಇಂಗ್ಲಿಷು ಅಂಗಡಿಯ ಇಂಗ್ಲಿಷು. ಅಳತೆ ಮತ್ತು ಎಣಿಕೆ ಬಿಟ್ಟು ಬೇರೆ ಬರುವುದಿಲ್ಲ. ಅರಿವೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು, "ಅಮ್ಮಾ, ಫ್ಯಾಕ್ಟರಿ ಮಾರ್ಕ್. ಒನ್ ಪೀಸ್. ಐ ಬ್ರೋಕ್," ಎಂದರು.

ಸೋಮಾ ಅಮ್ಮ ಕನ್ನಡಕ ಹಾಕಿಕೊಂಡು ಆ ಕೆಂಪು ಸಿಪ್ಪೆಯನ್ನು ನೋಡಿದರು. ಬೆರಳ ತುದಿಗೆ ಅಂಟಿಸಿಕೊಂಡು ಬೆಳಕಿಗೆ ಹಿಡಿದರು.

"ಇದು ಫ್ಯಾಕ್ಟರಿಯದಲ್ಲ," ಎಂದರು. "ನನ್ನ ಉಗುರಿನ ಬಣ್ಣ."

ಉಪಾಲಿ ಭಾನುವಾರ ಕಾರಿನ ಬೋಲ್ಟು ಬಿಗಿಯುತ್ತಿದ್ದರಂತೆ. ಬಿಗಿದದ್ದು ಯಾವುದು, ಬಿಟ್ಟದ್ದು ಯಾವುದು ಎಂದು ತಿಳಿಯಲು ಹೆಂಡತಿಯ ನೇಲ್ ಪಾಲಿಶಿನ ಒಂದು ಹನಿ ಇಡುತ್ತಿದ್ದರು. "ನನ್ನ ಬಾಟಲಿ ಎಲ್ಲಿ ಎಂದು ಕೇಳಿದರೆ, ನಿನಗಿಂತ ಕಾರಿಗೆ ಚೆನ್ನಾಗಿ ಒಪ್ಪುತ್ತದೆ ಅನ್ನುತ್ತಿದ್ದರು. ಆಗ ನನಗೆ ಸಿಟ್ಟು ಬರುತ್ತಿತ್ತು." ಇಷ್ಟು ಹೇಳಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾವು ಜಗುಲಿಯ ಮೇಲೆ ಕುಳಿತೆವು. ಎದ್ದು ಹೋಗುವಂತಿಲ್ಲ, ಕೂಡುವಂತಿಲ್ಲ. ನನ್ನ ಗಂಡ ತಮ್ಮ ಬಲಗೈಯನ್ನು ಅದು ಯಾರದೋ ಎಂಬಂತೆ ನೋಡುತ್ತಿದ್ದರು. ಫ್ಯಾಕ್ಟರಿಯ ಗುರುತು ಅಳಿಸಿದ್ದರೆ ಅದು ಪ್ರಪಂಚದ ನಷ್ಟ, ಎಲ್ಲರೂ ಹಂಚಿಕೊಳ್ಳಬಹುದಿತ್ತು. ಇದು ಆ ಬಾಗಿಲ ಹಿಂದೆ ಇದ್ದ ಒಬ್ಬರದೇ.

ಸುಮಾರು ಅರ್ಧ ಗಂಟೆಯ ಮೇಲೆ ಆಕೆ ಹೊರಬಂದರು. ಮುಖ ತೊಳೆದುಕೊಂಡಿದ್ದರು.

"ಇನ್ನೆಷ್ಟು ಉಳಿದಿವೆ?" ಎಂದು ಕೇಳಿದರು.

ಉಪಾಲಿ ತೀರಿಕೊಂಡಂದಿನಿಂದ ಆಕೆ ಆ ಬಾನೆಟ್ ಎತ್ತಿಸಿ ನೋಡಿರಲಿಲ್ಲ. ಚಾದರ ಒಗೆಯುವುದು, ಹೊದಿಸುವುದು ಅಷ್ಟೇ. ಒಳಗೆ ಆ ಚುಕ್ಕೆಗಳು ಉಳಿದಿರುವುದೇ ಆಕೆಗೆ ಗೊತ್ತಿರಲಿಲ್ಲ. ಆಕೆಯ ಕಣ್ಣು ಅಷ್ಟು ಸೂಕ್ಷ್ಮ ಕಾಣುವುದಿಲ್ಲವೆಂದು ನಾನು ಎಣಿಸಿದೆ. ಹತ್ತೊಂಬತ್ತು. ಒಂದೊಂದು ಎಣಿಸಿದಾಗಲೂ ನನ್ನ ಬೆರಳು ಹೋದ ಕಡೆಗೆ ಆಕೆ ಬಾಗಿ ನೋಡಿದರು. ಎರಡು ಚುಕ್ಕೆ ಮಾತ್ರ ಗುಲಾಬಿ ಬಣ್ಣದವು. "ಅದು ನನ್ನ ತಂಗಿಯದು," ಎಂದರು ಸೋಮಾ ಅಮ್ಮ. "ಇವರು ನನಗೆ ಹೇಳಿಯೇ ಇರಲಿಲ್ಲ."

ಆಮೇಲೆ ನನ್ನ ಗಂಡನ ಕಡೆ ತಿರುಗಿ, "ನೀವು ಎಷ್ಟು ಬೇಕಾದರೂ ನೋಡಿ. ಆದರೆ ಕೈ ಹಿಂದೆ," ಎಂದರು.

ಎರಡು ದಿನ ನನ್ನ ಗಂಡ ಶಾಲೆ ತಪಾಸಣೆಗೆ ಬಂದ ಇನ್‌ಸ್ಪೆಕ್ಟರರಂತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಆ ಎಂಜಿನ್ನನ್ನು ನೋಡಿದರು. ಅವರು ಹೇಳಿದ್ದನ್ನು ನಾನು ಬರೆದುಕೊಂಡೆ. ಬೆಲ್ಲವನ್ನು ಕಚ್ಚಿಕೊಂಡು ಚಹಾ ಕುಡಿಯುವುದನ್ನೂ ಅವರು ಅಲ್ಲೇ ಕಲಿತರು.

ಇಳಿಯುವ ರೈಲಿನಲ್ಲಿ ನಾನು ಹೇಳಿದೆ: "ಅವತ್ತ ಅಪ್ಪಾರ ಗಾಡಿ ಅನ್ಸವಲ್ದು ಅಂತ ನಾ ಅನ್ನಬಾರ್ದಿತ್ತು."

"ಖರೆ ಇದ್ದದ್ದ ಅಂದಿ," ಎಂದರು. ಕಿಟಕಿಯ ಹೊರಗೆ ನೋಡುತ್ತಿದ್ದರು. ಚಹಾತೋಟ ಅವರಿಗೆ ಕಂಡದ್ದು ಆಗಲೇ ಎಂದು ತೋರುತ್ತದೆ, ಯಾಕೆಂದರೆ ಸ್ವಲ್ಪ ಹೊತ್ತಿನ ಮೇಲೆ, "ಭಾಳ ಹಸರೈತಲ್ಲ ಇಲ್ಲೆ," ಎಂದರು.

ಹುಬ್ಬಳ್ಳಿ

ಇದು ವಿದೇಶವಲ್ಲ, ಆದರೂ ಭಾಷೆಯ ತೊಂದರೆ ಆದದ್ದು ಇಲ್ಲಿಯೇ ಹೆಚ್ಚು. ಪ್ಲೇಟಿಂಗ್ ಅಂಗಡಿಯ ಮಾಲೀಕರ ಮುಂದೆ ನನ್ನ ಗಂಡ ಬೋಲ್ಟುಗಳನ್ನೂ ಡಬ್ಬಿಯ ಮುಚ್ಚಳವನ್ನೂ ಇಟ್ಟರು. ಕ್ಯಾಡ್ಮಿಯಂ ವಿಷ, ಅದು ಬೇಡ ಎಂದು ನಾನು ದಾರಿಯಲ್ಲೇ ಪಾಠ ಮಾಡಿದ್ದೆ. ಸತುವಿನ ಲೇಪ ಕೊಟ್ಟು ಈ ಮುಚ್ಚಳದ ಬಣ್ಣಕ್ಕೆ ತರಬೇಕಿತ್ತು.

"ಈ ಕ್ರೋಮ್ ನಾನ ಮಾಡಿಕೊಟ್ಟದ್ದಲ್ರಿ ಸಾವ್ಕಾರ್ರ? ಏನ್ ಕಮ್ಮಿ ಆಗೇತಿ ಇದಕ್ಕ?"

"ಏನೂ ಕಮ್ಮಿಲ್ಲ. ಹೊಳಿತೈತಿ."

"ಹೊಳೀಲಿ ಅಂತನ ಮಾಡೂದ್ರಿ."

"ಹೊಳೀಬಾರ್ದು."

ಮಾಲೀಕರು ನನ್ನ ಕಡೆ ನೋಡಿದರು. ಈ ಸಲ ನಾನು ಗಂಡನ ಪಕ್ಷ ವಹಿಸಿದೆ. "ಮುಚ್ಚಳದಾಂಗ ಮಾಡ್ರಿ. ಅದಕ್ಕಿಂತ ಒಂದ್ ಗುಂಜಿ ಹೊಳದ್ರೂ ವಾಪಸ್ ತರ್ತೀವಿ." ಎರಡು ಸಲ ವಾಪಸ್ ಒಯ್ದೆವು. ಮೂರನೆಯ ಸಲ ಮುಚ್ಚಳವೂ ಬೋಲ್ಟೂ ಒಂದಾದವು.

ಲಕ್ಷ್ಮೇಶ್ವರ

ಬೋಲ್ಟುಗಳನ್ನೆಲ್ಲ ಮತ್ತೆ ಜೋಡಿಸಲು ನಾಲ್ಕು ತಿಂಗಳು ಹಿಡಿಯಿತು. ಕೀಲಿನವುಗಳಿಗೆ ಬಿಗಿದ ಮೇಲೆಯೇ ಕಪ್ಪು ಹೊಡೆದರು. ಒಂದು ಭಾನುವಾರ ಬೆಳಿಗ್ಗೆ ಕಾರನ್ನು ಲಕ್ಷ್ಮೇಶ್ವರಕ್ಕೆ ಒಯ್ದು, ಅಪ್ಪನ ಹಳೆಯ ದವಾಖಾನೆಯ ಮುಂದೆ ನಿಲ್ಲಿಸಿದೆವು.

ಅಪ್ಪನ ಕಂಪೌಂಡರಾಗಿದ್ದ ಫಕೀರಪ್ಪ ಸಮೀಪದಲ್ಲೇ ಇದ್ದಾರೆ. ಮೂವತ್ತು ವರ್ಷ ಔಷಧದ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಆ ಕಾರಿನ ಮುಂದಿನ ಸೀಟಿನಲ್ಲಿ ಕುಳಿತವರು. ಅದು ನಡುದಾರಿಯಲ್ಲಿ ನಿಂತಾಗ ಬಾನೆಟ್ ಎತ್ತಿ ಬೈದವರೂ ಅವರೇ. ಸುದ್ದಿ ತಿಳಿದು ಕೋಲೂರಿಕೊಂಡು ಬಂದರು. ಸುತ್ತು ಹಾಕಿ ನೋಡಿದರು, ಬಾಗಿಲು ಮುಟ್ಟಿದರು.

"ಎತ್ರಿ," ಎಂದರು ನನ್ನ ಗಂಡನಿಗೆ.

ನನ್ನ ಗಂಡ ಬಾನೆಟ್ ಎತ್ತಿದರು. ಫಕೀರಪ್ಪ ಕೋಲನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈ ಬಂಪರಿಗೆ ಊರಿ, ಒಳಗೆ ಬಗ್ಗಿ ನೋಡಿದರು. ಎಡಗಡೆಯಿಂದ ಬಲಗಡೆಗೆ, ಮತ್ತೆ ಬಲಗಡೆಯಿಂದ ಎಡಗಡೆಗೆ. ನಾನು ಕೋಲು ಹಿಡಿದು ನಿಂತಿದ್ದೆ. ನನ್ನ ಗಂಡ ಬೇರೆಲ್ಲೋ ನೋಡುತ್ತಿದ್ದರು.

"ಹೊರಗ ಪೇಂಟ್ ಚೊಲೊ ಹೊಡ್ಸೀರಿ," ಎಂದರು ಫಕೀರಪ್ಪ ನೆಟ್ಟಗಾಗುತ್ತ. "ಒಳಗ ಏನೂ ಮುಟ್ಟಿಲ್ಲಲ್ಲ? ಡಾಕ್ಟರ್ ಸಾಹೇಬ್ರು ಇದ್ದಾಗ ಹೆಂಗಿತ್ತು ಹಂಗ ಐತಿ."

ನಾನು ಬಾಯಿ ತೆರೆದೆ. ಎರಡು ವರ್ಷ, ಒಂದು ಸಮುದ್ರ, ಹುಬ್ಬಳ್ಳಿಗೆ ನಾಲ್ಕು ಸಲ ಹೋಗಿ ಬಂದದ್ದು, ಎಲ್ಲವನ್ನೂ ಹೇಳುವವಳಿದ್ದೆ. ನನ್ನ ಗಂಡ ಕಣ್ಣಿನಲ್ಲೇ ಬೇಡ ಎಂದರು.

"ಇಲ್ರಿ, ಫಕೀರಪ್ಪಾರ," ಎಂದರು. "ಒಳಗ ಏನೂ ಮುಟ್ಟಿಲ್ಲ."

ಹಾಗೆ ಹೇಳಿ ಬಾನೆಟ್ ಮುಚ್ಚಿದರು. ನಮ್ಮ ಇಪ್ಪತ್ತೈದು ವರ್ಷಗಳಲ್ಲಿ ಅವರ ಮುಖದ ಮೇಲೆ ಅಷ್ಟು ಹೆಮ್ಮೆಯನ್ನು ನಾನು ಕಂಡಿರಲಿಲ್ಲ.